ಮೂಗು ಹೋದ ಮೇಲೆ ಮೊಟ್ಟೆ ನೋಡುವ ಬಗೆ

ಒಂದು ಕಾಲದಲ್ಲಿ ನನ್ನ ಮೂಗಿಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ಪಕ್ಕದ ಮನೆಯಲ್ಲಿ ಹಾಲು ತಳ ಹಿಡಿದರೆ ಆ ಮನೆಯವಳಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಕಾಂಪೌಂಡಿನ ಈಚೆಯಿಂದಲೇ ಕೂಗಿ ಹೇಳುತ್ತಿದ್ದೆ. ತೆಂಗಿನಕಾಯಿ ಕಮಟಾಗಿದೆಯೋ, ಹಿಟ್ಟು ಮುಗ್ಗಲು ಹಿಡಿದಿದೆಯೋ, ನಿನ್ನೆಯ ಸಾರು ಇವತ್ತಿಗೆ ನಡೆಯುತ್ತದೋ ಇಲ್ಲವೋ, ಎಲ್ಲ ತೀರ್ಪೂ ನನ್ನದೇ. "ನಿಂದು ಮೂಗಲ್ಲ ಕಣೇ, ಪೊಲೀಸ್ ನಾಯಿ" ಎಂದು ನನ್ನ ಗಂಡ ರೇಗಿಸುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೆ.

ಆ ಮೂಗು ಒಂದು ಜ್ವರದಲ್ಲಿ ಹೋಯಿತು. ಕೊರೊನಾ ಬಂದು ಮನೆಯವರೆಲ್ಲ ಮಲಗಿದ್ದಾಗ ಎಲ್ಲರಿಗೂ ವಾಸನೆ ಹೋಗಿತ್ತು. ಹದಿನೈದು ದಿನಕ್ಕೆ ಗಂಡನದು ವಾಪಸ್ ಬಂತು, ತಿಂಗಳಿಗೆ ಮಗನದು ಬಂತು, ನನ್ನದು ಬರಲೇ ಇಲ್ಲ. ಹೆಬ್ಬಾಳದ ಡಾಕ್ಟರೊಬ್ಬರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಬರಬಹುದು, ಬರದೇನೂ ಇರಬಹುದು" ಎಂದರು. ಇಷ್ಟು ಹೇಳಲು ಅಷ್ಟೊಂದು ಓದಬೇಕಾಗಿರಲಿಲ್ಲ, ಗಿಣಿಶಾಸ್ತ್ರದವನೂ ಹೇಳುತ್ತಿದ್ದ. ದಿನಕ್ಕೆರಡು ಸಲ ಲವಂಗ, ನಿಂಬೆಹಣ್ಣಿನ ಸಿಪ್ಪೆ, ಕಾಫಿಪುಡಿ ಮೂಸಿ ನೋಡಿ, ಮೂಗಿಗೆ ಅಭ್ಯಾಸ ಬರುತ್ತದೆ ಎಂದರು. ತಿಂಗಳುಗಟ್ಟಲೆ ಮೂಸಿದೆ. ಆಮೇಲೊಂದು ದಿನ ಸಿಟ್ಟು ಬಂದು ಆ ಲವಂಗವನ್ನೆಲ್ಲ ಪಲಾವಿಗೆ ಹಾಕಿಬಿಟ್ಟೆ.

ಕಣ್ಣು ಮಂಜಾದರೆ ಕನ್ನಡಕ ಕೊಡಿಸುತ್ತಾರೆ. ಕಿವಿ ಮಂದವಾದರೆ ಎದುರಿಗಿದ್ದವರು ಗಂಟಲು ಏರಿಸುತ್ತಾರೆ. ಮೂಗು ಹೋದರೆ ಯಾರೂ ಏನೂ ಮಾಡುವುದಿಲ್ಲ, ಯಾಕೆಂದರೆ ನೋಡುವವರಿಗೆ ಅದು ಇದ್ದಲ್ಲೇ ಇರುತ್ತದೆ, ಮೂಗುತಿಯ ಸಮೇತ. ನಾನೂ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಒಗ್ಗರಣೆಯನ್ನು ಸದ್ದಿನಿಂದ ತಿಳಿದೆ, ಸಾರಿನ ಹದವನ್ನು ಬಣ್ಣದಿಂದ ತಿಳಿದೆ, ಹಾಲು ಉಕ್ಕುವ ತನಕ ಒಲೆಯ ಮುಂದಿನಿಂದ ಕದಲಲಿಲ್ಲ. ಹೀಗೆ ಎಲ್ಲವೂ ನಡೆದುಕೊಂಡು ಹೋಗುತ್ತಿತ್ತು. ಕೈಕೊಟ್ಟಿದ್ದು ಮೊಟ್ಟೆ.

ನಮ್ಮದು ಪುಟ್ಟೇನಹಳ್ಳಿಯ ಹಳೆಯ ಮನೆತನ. ಕೆರೆ ಕಡೆಗಿದ್ದ ಹೊಲದಲ್ಲಿ ಈಗ ಬೇರೆಯವರ ಅಪಾರ್ಟ್‌ಮೆಂಟುಗಳಿವೆ. ನಮಗೆ ಉಳಿದಿರುವುದು ಈ ಮನೆ, ಎರಡು ಬಾಡಿಗೆ ಮನೆ, ಹಿಂದುಗಡೆ ಒಂದು ಖಾಲಿ ಸೈಟು. ಆ ಸೈಟಿನಲ್ಲಿ ಮಗ ಸೆಂಟ್ರಿಂಗ್ ಹಲಗೆ, ಕಬ್ಬಿಣದ ಶೀಟುಗಳನ್ನು ಜೋಡಿಸಿಟ್ಟುಕೊಂಡು ಮನೆ ಕಟ್ಟುವವರಿಗೆ ಬಾಡಿಗೆಗೆ ಕೊಡುತ್ತಾನೆ. ಆ ಹಲಗೆಗಳ ನಡುವೆ ನನ್ನ ಏಳು ನಾಟಿ ಕೋಳಿಗಳು ಓಡಾಡಿಕೊಂಡಿರುತ್ತವೆ. ನಾಟಿ ಕೋಳಿ ಸಾಕಿದವರಿಗೆ ಗೊತ್ತು, ಅದಕ್ಕೆ ನಾವು ಬುಟ್ಟಿ ಇಟ್ಟು ಹುಲ್ಲು ಹಾಸಿ ಮರ್ಯಾದೆ ಮಾಡಿದಷ್ಟೂ ಅದು ಬೇರೆಲ್ಲೋ ಹೋಗಿ ಕದ್ದು ಮೊಟ್ಟೆ ಇಡುತ್ತದೆ.

ಒಂದು ದಿನ ಲಾರಿಗೆ ಹಲಗೆ ತುಂಬುವಾಗ ಹಿಂದಿನ ಸಾಲಿನಲ್ಲಿ ಅಂಥದೊಂದು ಕಳ್ಳಗೂಡು ಸಿಕ್ಕಿತು. ಹನ್ನೊಂದು ಮೊಟ್ಟೆ. ಯಾವುದು ನಿನ್ನೆಯದು, ಯಾವುದು ತಿಂಗಳ ಹಿಂದಿನದು, ಕೋಳಿಗೇ ಗೊತ್ತು. ನಾನು ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಎತ್ತಿ ಮೂಗಿನ ಹತ್ತಿರ ಹಿಡಿದೆ. ನಲವತ್ತು ವರ್ಷದ ಅಭ್ಯಾಸ. ಯಾವುದರಿಂದಲೂ ಕೆಟ್ಟ ವಾಸನೆ ಬರಲಿಲ್ಲ. ಹನ್ನೊಂದೂ ಚೆನ್ನಾಗಿವೆ ಎಂದು ಮಡಿಲಿಗೆ ಹಾಕಿಕೊಂಡು ಒಳಗೆ ಬಂದೆ. ವಾಸನೆ ಬಾರದಿದ್ದದ್ದು ಮೊಟ್ಟೆಯ ಗುಣವಲ್ಲ, ನನ್ನ ಮೂಗಿನ ಗತಿ ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ. ನಂಬುತ್ತೀರೋ ಬಿಡುತ್ತೀರೋ, ಮೂಗು ಹೋಗಿದೆ ಎನ್ನುವುದನ್ನೇ ನಾನು ಮರೆತಿದ್ದೆ.

ಎರಡು ದಿನ ಕಳೆದ ಮೇಲೆ ಬೀಗರು ಬಂದರು, ಅಂದರೆ ಸೊಸೆಯ ಅಪ್ಪ ಅಮ್ಮ, ಆರ್.ಟಿ. ನಗರದಿಂದ. ಸೊಸೆ ಬಾಣಂತನ ಮುಗಿಸಿ ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು, ಮೊಮ್ಮಗಳನ್ನು ನೋಡದೆ ಇರಲಾಗಲಿಲ್ಲವಂತೆ, ಹೇಳದೆ ಕೇಳದೆ ಹೊರಟು ಬಂದಿದ್ದರು. ಮಟನ್ ತರಿಸುವಷ್ಟು ಹೊತ್ತಿರಲಿಲ್ಲ. ಮುದ್ದೆ, ಮೊಟ್ಟೆ ಸಾರು ಮಾಡಿಬಿಡುತ್ತೇನೆ ಎಂದೆ. ನಮ್ಮಲ್ಲಿ ಮೊಟ್ಟೆ ಸಾರಿಗೆ ಮೊಟ್ಟೆಯನ್ನು ಮೊದಲೇ ಬೇಯಿಸಿ ಸುಲಿದು ಹಾಕುವುದಿಲ್ಲ. ಮಸಾಲೆ ಕೊತಕೊತ ಕುದಿಯುತ್ತಿರುವಾಗ ಪಾತ್ರೆಯ ಅಂಚಿಗೆ ತಟ್ಟಿ, ಒಂದೊಂದಾಗಿ ನೇರವಾಗಿ ಸಾರಿನೊಳಕ್ಕೇ ಬಿಡುತ್ತೇವೆ. ಹಬೆಗೆ ನನ್ನ ಕನ್ನಡಕ ಮಂಜಾಗಿತ್ತು. ಬೀಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಯಾರದೋ ಮದುವೆಯ ಕತೆ ಹೇಳುತ್ತಿದ್ದರು. ನಾನು ಅವರ ಕಡೆ ಮುಖ ಮಾಡಿ ಹೂಂಗುಡುತ್ತಾ ಮೊಟ್ಟೆ ಒಡೆಯುತ್ತಿದ್ದೆ, ಒಂದು, ಎರಡು, ಮೂರು, ನಾಲ್ಕು.

ಬೀಗಿತ್ತಿ ಅರ್ಧ ಮಾತಿಗೆ ನಿಲ್ಲಿಸಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಹಾಲ್‌ನಿಂದ ನನ್ನ ಗಂಡ, "ಏನೇ ಅದು?" ಎಂದು ಕೂಗಿದರು. ಮಗು ಕಿರುಚಿ ಅಳಲು ಶುರು ಮಾಡಿತು. ಸೊಸೆ ಓಡಿ ಬಂದು ಕಿಟಕಿಗಳನ್ನು ಒಂದಾದ ಮೇಲೊಂದು ತೆಗೆದಳು. ಆ ಮನೆಯಲ್ಲಿ ಏನಾಗಿದೆ ಎಂದು ತಿಳಿಯದವಳು ನಾನೊಬ್ಬಳೇ. ನಾನು ಸೌಟಿನಿಂದ ಸಾರು ತಿರುವುತ್ತಲೇ ಇದ್ದೆ. ಅಷ್ಟೇ ಅಲ್ಲ, ಒಂದಿಷ್ಟು ಸಾರು ಬಟ್ಟಲಿಗೆ ಬಗ್ಗಿಸಿ ಬೀಗಿತ್ತಿಯ ಕಡೆ ಚಾಚಿ, "ಯಾಕಕ್ಕ ನಿಲ್ಲಿಸ್ಬಿಟ್ರಿ? ಸ್ವಲ್ಪ ಉಪ್ಪು ನೋಡಿ" ಎಂದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಆ ಎರಡು ಹೆಜ್ಜೆ ನನಗೆ ಇವತ್ತಿಗೂ ಕಾಣುತ್ತದೆ. ಆಮೇಲೆ ಗಂಡ ಯಲಹಂಕಕ್ಕೆ ಹೋಗಿ ಬಿರಿಯಾನಿ ಪಾರ್ಸಲ್ ತಂದರು, ಎಲ್ಲರೂ ನಗುನಗುತ್ತಲೇ ಊಟ ಮಾಡಿದರು, ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನಾನೂ ನಾಲ್ಕು ಆಡಿ ಮುಗಿಸುತ್ತಿದ್ದೆ.

ಅಲ್ಲಿಂದ ಶುರುವಾಯಿತು ನನ್ನ ಮೇಲಿನ ಕರುಣೆ. ಸೊಸೆ ಒಳ್ಳೆಯ ಹುಡುಗಿ, ಬ್ಯಾಂಕಿನಲ್ಲಿ ಕೆಲಸ, ಆಗ ಹೆರಿಗೆ ರಜೆಯಲ್ಲಿದ್ದಳು. ಜೋರು ಮಾತು ಬಾರದು. "ಅತ್ತೆ, ನೀವ್ ರೆಸ್ಟ್ ತಗೊಳ್ಳಿ, ಮೊಟ್ಟೆ ಗಿಟ್ಟೆ ಎಲ್ಲಾ ನಾನ್ ನೋಡ್ಕೋತೀನಿ" ಎಂದಳು. ಮಾರನೇ ದಿನ ಅಂಗಡಿಯಿಂದ ಹನ್ನೆರಡು ಮೊಟ್ಟೆಯ ಒಂದು ಡಬ್ಬಿ ಬಂತು. "ಇದ್ರ ಮೇಲೆ ಡೇಟ್ ಇರುತ್ತೆ ಅತ್ತೆ, ಟೆನ್ಷನ್ ಇಲ್ಲ." ನನ್ನ ನಾಟಿ ಮೊಟ್ಟೆಗಳು ಬಾಡಿಗೆ ಮನೆಯವರ ಪಾಲಾದವು. ಗಂಡ ತಟ್ಟೆಯ ಮುಂದೆ ಕೂತು ಮೊದಲ ತುತ್ತನ್ನು ಮೂಗಿನ ಹತ್ತಿರ ಒಂದು ಕ್ಷಣ ನಿಲ್ಲಿಸಿ ಆಮೇಲೆ ಬಾಯಿಗಿಡತೊಡಗಿದರು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಕೆಮ್ಮುತ್ತಿದ್ದರು. ಮೂವತ್ತೆಂಟು ವರ್ಷ ನನ್ನ ಕೈಯ ಅಡುಗೆ ಉಂಡ ಮನುಷ್ಯ!

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೋ ಏನೋ. ಒಂದು ಮಧ್ಯಾಹ್ನ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತನ್ನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. "ಇಲ್ಲಮ್ಮ, ಪಾಪೂಗೆ ಮೊಟ್ಟೆ ಶುರು ಮಾಡೋವಾಗ ನಾನೇ ಮಾಡ್ತೀನಿ. ಅತ್ತೆ ಕೈಗೆ ಕೊಡಲ್ಲ. ಪಾಪ, ಅವ್ರಿಗೆ ಗೊತ್ತಾಗಲ್ಲ."

ನಮ್ಮ ಮನೆಯಲ್ಲಿ ಮಗುವಿಗೆ ಮೊದಲ ಮೊಟ್ಟೆ ತಿನ್ನಿಸುವುದು ಅಜ್ಜಿ. ಶಾಸ್ತ್ರವೇನಲ್ಲ, ಪೂಜೆ ಪುನಸ್ಕಾರ ಇಲ್ಲ. ಆ ಬೆಳಿಗ್ಗೆ ಇಟ್ಟ ನಾಟಿ ಮೊಟ್ಟೆಯನ್ನು ಒಡೆದು, ತುಪ್ಪದಲ್ಲಿ ಬಾಡಿಸಿ, ಚಿಟಿಕೆಯಷ್ಟು ನಾಲಿಗೆಗೆ ಮುಟ್ಟಿಸುವುದು, ಅಷ್ಟೇ. ನನ್ನ ಮಗನಿಗೆ ನನ್ನ ಅತ್ತೆ ತಿನ್ನಿಸಿದ್ದರು. ನನ್ನ ಗಂಡನಿಗೆ ಅವರ ಅಜ್ಜಿ. ಈಗ ನನ್ನ ಸರದಿ ಬಂದಾಗ, ಪಾಪ, ನನಗೆ ಗೊತ್ತಾಗುವುದಿಲ್ಲವಂತೆ. ಕೈಯಲ್ಲಿದ್ದ ಮಗುವಿನ ಲಂಗೋಟಿ ಹಾಗೇ ಹಿಡಿದು ಕೂತೆ. ಅಳು ಬರಲಿಲ್ಲ, ಮೈ ಉರಿಯಿತು. ಹೋಗಿರುವುದು ನನ್ನ ಮೂಗು, ತಲೆಯಲ್ಲ. ಗೊತ್ತು ಮಾಡಿಕೊಂಡು ತೋರಿಸುತ್ತೇನೆ ಎಂದು ಅಲ್ಲೇ ಹಟ ಹಿಡಿದೆ. ಮಗುವಿಗೆ ಆಗ ಆರು ತಿಂಗಳು. ಒಂಬತ್ತಕ್ಕೆ ಮೊಟ್ಟೆ ಎಂದು ಅವರು ತೀರ್ಮಾನಿಸಿಕೊಂಡಿದ್ದರು. ನನಗೆ ಮೂರು ತಿಂಗಳಿತ್ತು.

ಮೂಗಿಲ್ಲದೆ ಮೊಟ್ಟೆ ನೋಡುವವರನ್ನು ನಾನು ಕಂಡಿದ್ದೆ, ಅದೂ ಇದೇ ಮನೆಯಲ್ಲಿ. ನನ್ನ ಅತ್ತೆ ಒಂದು ದಿನವೂ ಮೊಟ್ಟೆ ಮೂಸಿದವರಲ್ಲ. ಜಗಲಿಯ ಮೇಲೆ ಕೂತು ಮುಷ್ಟಿಯನ್ನು ಕೊಳವೆ ಮಾಡಿ, ಅದರ ಬಾಯಿಗೆ ಮೊಟ್ಟೆ ಹಿಡಿದು ಬಿಸಿಲಿಗೆ ನೋಡುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು, ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ಮೊಟ್ಟೆಯ ದಪ್ಪ ತುದಿಯನ್ನು ರೆಪ್ಪೆಗೆ ಒತ್ತಿ ನೋಡುತ್ತಿದ್ದರು. ಅವರಿಂದ ನಾನು ಅದನ್ನು ಕಲಿಯಲಿಲ್ಲ. ಅಂಥ ಮೂಗಿರುವವಳಿಗೆ ಇದೆಲ್ಲ ಯಾಕೆ ಎಂಬ ಕೊಬ್ಬು.

ಈಗ ನಾನೇ ಹುಡುಕಿಕೊಂಡು ಕಲಿತೆ. ದಿನಾ ಬೆಳಿಗ್ಗೆ ಸೈಟಿಗೆ ಹೋಗಿ, ಸಿಕ್ಕ ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ತಾರೀಖು ಬರೆದೆ. ಬಾಡಿಗೆಯವರಿಗೆ ಕೊಡುವುದನ್ನು ನಿಲ್ಲಿಸಿದೆ. ಒಂದು ಬೇಸಿನ್ನಿನಲ್ಲಿ ತಣ್ಣೀರು ತುಂಬಿ, ಒಂದೊಂದೇ ಬಿಟ್ಟು ನೋಡಿದೆ. ಆ ದಿನದ್ದು ತಳಕ್ಕೆ ಹೋಗಿ ಉದ್ದಕ್ಕೆ ಮಲಗಿಬಿಡುತ್ತದೆ, ಕೆಲಸ ಮುಗಿಸಿದ ಹೆಂಗಸಿನ ಹಾಗೆ. ವಾರ ಕಳೆದದ್ದು ದಪ್ಪ ತುದಿಯನ್ನು ಕೊಂಚ ಎತ್ತುತ್ತದೆ. ಇನ್ನೂ ಹಳೆಯದು ನೆಟ್ಟಗೆ ನಿಲ್ಲುತ್ತದೆ. ತೀರಾ ಹಳೆಯದು ತೇಲುತ್ತದೆ. ಕಿವಿಗೂ ಪಾಠ ಹೇಳಿದೆ. ಹೊಸ ಮೊಟ್ಟೆ ಎಷ್ಟು ಅಲ್ಲಾಡಿಸಿದರೂ ತುಟಿ ಬಿಚ್ಚುವುದಿಲ್ಲ, ಹಳೆಯದು ಒಳಗೆ ಕುಳುಕ್ ಕುಳುಕ್ ಎನ್ನುತ್ತದೆ. ರೆಪ್ಪೆಯ ವಿದ್ಯೆ ಮಾತ್ರ ನನಗೆ ಕೊನೆಗೂ ಹತ್ತಲಿಲ್ಲ.

ಟಾರ್ಚ್ ಬೆಳಕಿನಲ್ಲಿ ನೋಡಲು ಕತ್ತಲು ಬೇಕು. ನಮ್ಮ ಮನೆಯಲ್ಲಿ ಹಗಲಿನಲ್ಲಿ ಕತ್ತಲಿರುವುದು ಬಚ್ಚಲುಮನೆಯಲ್ಲಿ ಮಾತ್ರ. ಒಂದು ದಿನ ಬಾಗಿಲು ಹಾಕಿಕೊಂಡು, ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಇಟ್ಟು, ಒಳಗಿನ ಗಾಳಿಯ ಜಾಗ ಎಷ್ಟು ದೊಡ್ಡದಾಗಿದೆ ಎಂದು ನೋಡುತ್ತಿದ್ದೆ. ಹೊರಗಿನಿಂದ ಗಂಡ ಬಾಗಿಲು ಬಡಿದರು.

"ಏನೇ, ಅರ್ಧ ಗಂಟೆ ಆಯ್ತು. ಹುಷಾರಾಗಿದೀಯ ತಾನೆ? ಯಾರ್ ಜೊತೆ ಮಾತಾಡ್ತಿದೀಯ?"

"ಮೊಟ್ಟೆ ಜೊತೆ."

"ಲೈಟಾದ್ರೂ ಹಾಕ್ಕೋ."

"ಲೈಟ್ ಹಾಕಿದ್ರೆ ಅದು ಬಾಯಿ ಬಿಡಲ್ಲ ಕಣ್ರೀ, ಹೋಗಿ."

ಅವರು ಮಗನಿಗೆ ಫೋನ್ ಮಾಡಿ, ನಿಮ್ಮಮ್ಮನ್ನ ಒಂದ್ಸಲ ಯಾರಿಗಾದ್ರೂ ತೋರಿಸ್ಬೇಕು ಎಂದರಂತೆ. ತೋರಿಸಲಿ. ಆ ತಿಂಗಳೇ ನಾನು ಅವರಿಗೆ ಒಂದು ಪಾಠ ತೋರಿಸಿದೆ. ಇನ್ನೊಂದು ಕಳ್ಳಗೂಡಿನಿಂದ ತಂದ ಮೊಟ್ಟೆಯೊಂದು ನೀರಿನಲ್ಲಿ ಬೆಂಡಿನ ಹಾಗೆ ತೇಲಿತು, ಅಲ್ಲಾಡಿಸಿದರೆ ಒಳಗೆ ನೀರಾಡಿತು. ಅದನ್ನು ಅವರ ಕೈಗೆ ಕೊಟ್ಟು, "ಮೂಸಿ ನೋಡ್ರಿ, ಹೇಗಿದೆ?" ಎಂದೆ. ತಿರುಗಿಸಿ ತಿರುಗಿಸಿ ಮೂಸಿದರು. "ಏನೂ ಇಲ್ವಲ್ಲೇ, ಚೆನ್ನಾಗಿದೆ" ಎಂದರು. ಕೈ ಹಿಡಿದು ಸೈಟಿಗೆ ಕರೆದುಕೊಂಡು ಹೋಗಿ ನುಗ್ಗೆಮರದ ಬುಡದಲ್ಲಿ ಅದನ್ನು ಒಡೆದೆ. ಒಳಗಿನದು ಕಪ್ಪು ಹಸಿರಾಗಿತ್ತು. ಮೊಣಕಾಲು ನೋವು ಎಂದು ಮೆಟ್ಟಿಲು ಹತ್ತದ ಮನುಷ್ಯ ಗೇಟಿನ ತನಕ ಓಡಿದರು. ನಾನು ಅಲ್ಲೇ ನಿಂತು ನಕ್ಕೆ. ಬೀಗರು ಬಂದು ಹೋದ ದಿನದ ನಂತರ ನಾನು ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು.

ಚಿಪ್ಪು ಬಿರುಕು ಬಿಡದ ಮೊಟ್ಟೆಯನ್ನು ಮೂಸಿ ಏನೂ ತಿಳಿಯುವುದಿಲ್ಲ ಎಂದಾಯಿತು. ಹಾಗಾದರೆ ಅವತ್ತು ನನ್ನ ಮೂಗು ನೆಟ್ಟಗಿದ್ದಿದ್ದರೂ ಆ ಹನ್ನೊಂದೂ ಪಾಸಾಗುತ್ತಿದ್ದವು. ಊಟಕ್ಕೆ ಕೂತಾಗ ಇದನ್ನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. ಗಂಡ ತಟ್ಟೆ ನೋಡಿಕೊಂಡರು. ಸೊಸೆ, "ಹೌದಾ ಅತ್ತೆ" ಎಂದು ಮಗುವಿನ ಬಾಯಿ ಒರೆಸಿದಳು. ಅದೇ ಪಾಪ ಎನ್ನುವ ದನಿ.

ನಾನೂ ಸ್ವಲ್ಪ ಹೆಚ್ಚು ಹಾರಾಡಿದೆ, ಒಪ್ಪಿಕೊಳ್ಳಬೇಕು. ಫ್ರಿಜ್ಜಿನ ಮೂಲೆಯಲ್ಲಿ ಉಳಿದಿದ್ದ ಡಬ್ಬಿಯ ಮೊಟ್ಟೆಯೊಂದನ್ನು ಎಲ್ಲರ ಎದುರು ನೀರಿಗೆ ಬಿಟ್ಟೆ. ತೇಲಿತು. "ನೋಡಿ ನಿಮ್ಮ ಡೇಟಿನ ಮೊಟ್ಟೆ, ಕೊಳೆತಿದೆ, ಎಸೀರಿ" ಎಂದು ಘೋಷಿಸಿದೆ. ಗಂಡನಿಗೆ ನುಗ್ಗೆಮರದ ಸೇಡು ಬಾಕಿ ಇತ್ತು. ಅದನ್ನು ಬಟ್ಟಲಿಗೆ ಒಡೆದರು. ಬಿಳಿ ಕೊಂಚ ನೀರಾಗಿತ್ತು, ಅಷ್ಟೇ, ಒಳಗೆಲ್ಲ ಸರಿಯಾಗಿತ್ತು. ಈರುಳ್ಳಿ ಹೆಚ್ಚಿ ತಾವೇ ಆಮ್ಲೆಟ್ ಹಾಕಿಕೊಂಡು ನನ್ನ ಮುಂದೆಯೇ ತಿಂದರು. "ನೀರಲ್ಲಿ ಫೇಲು, ಕಾವಲಿ ಮೇಲೆ ಪಾಸು!" ಎಂದು ಒಂದು ವಾರ ಆಡಿಕೊಂಡರು. ತೇಲುವ ಮೊಟ್ಟೆ ಹಳೆಯದು ಎನ್ನಬಹುದು, ಕೊಳೆತದ್ದು ಎಂದು ಒಡೆಯದೆ ಹೇಳುವ ಹಾಗಿಲ್ಲ ಎಂದು ಅವತ್ತು ಕಲಿತೆ. ಅಲ್ಲಿಂದ ಮುಂದೆ ಯಾವ ಮೊಟ್ಟೆಯನ್ನೂ ನಾನು ನೇರವಾಗಿ ಪಾತ್ರೆಗೆ ಒಡೆದಿಲ್ಲ. ಮೊದಲು ಬಟ್ಟಲಿಗೆ, ಕನ್ನಡಕ ಒರೆಸಿಕೊಂಡು ನೋಡಿ, ಆಮೇಲೆ ಸಾರಿಗೆ.

ಮಗುವಿಗೆ ಎಂಟು ತಿಂಗಳು ತುಂಬಿತು. ಮನೆಯಲ್ಲಿ ನನ್ನ ಮೊಟ್ಟೆಗಳು ಮತ್ತೆ ಓಡಾಡತೊಡಗಿದ್ದವು. ಗಂಡ ತಟ್ಟೆ ಮೂಸುವುದನ್ನು ಬಿಟ್ಟಿದ್ದರು. ಗೆದ್ದೆ ಅಂದುಕೊಂಡೆ. ಆಗಲೇ ಒಂದು ದಿನ ತಾರಸಿಯ ಮೇಲೆ ಬಟ್ಟೆ ಹರವಿ ಕೆಳಗಿಳಿದು ಬರುವಾಗ ಅಡುಗೆಮನೆಯ ಕಿಟಕಿಯಲ್ಲಿ ಸೊಸೆ ಕಂಡಳು. ನಾನು ಅಡುಗೆ ಮಾಡಿಟ್ಟಿದ್ದ ಪಾತ್ರೆಗಳ ಮುಚ್ಚಳವನ್ನು ಒಂದೊಂದಾಗಿ ಎತ್ತಿ, ಬಗ್ಗಿ ಮೂಸಿ, ಸದ್ದಾಗದ ಹಾಗೆ ಮುಚ್ಚುತ್ತಿದ್ದಳು. ಆಮೇಲೆ ಬುಟ್ಟಿಯಿಂದ ನನ್ನ ಪೆನ್ಸಿಲ್ ಗುರುತಿನ ಎರಡು ಮೊಟ್ಟೆ ತೆಗೆದು, ಹಳೆಯ ಪೇಪರಿನಲ್ಲಿ ಸುತ್ತಿ, ಕಸದ ಡಬ್ಬಿಯ ತಳಕ್ಕೆ ತಳ್ಳಿದಳು. ಆ ಜಾಗಕ್ಕೆ ಡಬ್ಬಿಯ ಮೊಟ್ಟೆ ಎರಡು ಬಂದವು.

ಕೂಗಾಡಬೇಕಾಗಿತ್ತು. ನನ್ನ ಬಾಯಿ ಅಂಥದ್ದೇ. ಆದರೆ ಮೆಟ್ಟಿಲ ಮೇಲೆ ಕಾಲು ನಿಂತುಬಿಟ್ಟಿತು. ಯಾಕೆಂದರೆ ಇದನ್ನೇ, ಇದೇ ಅಡುಗೆಮನೆಯಲ್ಲಿ, ನಾನು ಮಾಡಿದ್ದೆ.

ನನ್ನ ಅತ್ತೆಯ ಕಣ್ಣು ಪೂರ್ತಿ ಹೋಗುತ್ತಿದ್ದ ವರ್ಷಗಳು ಅವು. ಅವರು ತಡಕಿಕೊಂಡು ಹೋಗಿ ಮೊಟ್ಟೆ ತಂದು, ಕಿವಿಗೆ ಹಿಡಿದು, ರೆಪ್ಪೆಗೆ ಒತ್ತಿ, "ಇದು ಆಯ್ತದೆ, ತಕೋ" ಎಂದು ನನ್ನ ಕೈಗೆ ಕೊಡುತ್ತಿದ್ದರು. ನಾನು ಹೂಂ ಎಂದು ಇಸಿದುಕೊಂಡು ಹಿತ್ತಿಲಿಗೆ ಹೋಗಿ, ಮನಸ್ಸಿಗೆ ಬಾರದ್ದನ್ನು ತಿಪ್ಪೆಗೆ ಹಾಕಿ, ಅಂಗಡಿಯದನ್ನು ಬೇಯಿಸುತ್ತಿದ್ದೆ. ಒಂದು ದಿನ ಅವರು ಬೂದಿ ಚೆಲ್ಲಲು ಹೋದಾಗ ಕಾಲಿಗೆ ಎರಡು ಇಡೀ ಮೊಟ್ಟೆ ತಗುಲಿದವು. ಸೆರಗಿನಲ್ಲಿ ಹಾಕಿಕೊಂಡು ಬಂದು ಒಲೆಯ ಮುಂದೆ ಕೂತು, "ಒಂದ್ ಬಟ್ಲು ಕೊಡವ್ವ" ಎಂದರು. ಎರಡನ್ನೂ ಒಡೆದರು. ಎರಡರ ಹಳದಿ ಭಂಡಾರವೂ ಹೊಸ ಮೊಟ್ಟೆಯದರ ಹಾಗೆ ಗುಂಡಗೆ ಎದ್ದು ನಿಂತಿತ್ತು. ಅವರಿಗೆ ಅದು ಕಾಣಿಸುತ್ತಿರಲಿಲ್ಲ, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದರು.

"ಕಣ್ ಓಗೈತೆ ಕಣವ್ವ, ಕೈ ಓಗಿಲ್ಲ" ಎಂದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಅನ್ಮಾನ ಇದ್ರೆ ನಂಗ್ಯಾಕ್ ಅನ್ನಲಿಲ್ಲ?" ಎಂದು ಕೇಳಿದರು.

ಅವರೇ ಬಾಣಲೆ ಇಟ್ಟು, ಎರಡೂ ಮೊಟ್ಟೆಯನ್ನು ಹುರಿದುಕೊಂಡು, ಗೋಡೆಯ ಕಡೆ ತಿರುಗಿ ಕೂತು ಒಬ್ಬರೇ ತಿಂದರು. ನನಗೆ ಬೇಕಾ ಎಂದು ಕೇಳಲಿಲ್ಲ. ಆಮೇಲೆ ಅವರು ಮೊಟ್ಟೆ ತರಲು ಹಿತ್ತಿಲಿಗೆ ಹೋಗಲಿಲ್ಲ, ನಾನೂ ಹೋಗಿ ಎನ್ನಲಿಲ್ಲ. ತಪ್ಪಾಯಿತು ಎಂದು ಹೇಳುವುದನ್ನು ಇವತ್ತು ನಾಳೆ ಎಂದು ಮುಂದೆ ಹಾಕುತ್ತಿರುವಾಗಲೇ ಅವರು ಹೋಗಿಬಿಟ್ಟರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಗಾದೆ ಮಾಡಿದವರು ಸ್ವಲ್ಪ ಸುಮ್ಮನಿರಲಿ. ನಾನು ಮಾಡಿದ್ದು ತಪ್ಪು ಎಂದು ನನಗೆ ಗೊತ್ತಿದೆ. ಅದಕ್ಕೆ ಶಿಕ್ಷೆಯಾಗಿ ಈಗ ನನಗೂ ಅದೇ ಆಗಲಿ ಎಂದು ಗೋಡೆಯ ಕಡೆ ತಿರುಗಿ ಕೂರುವವಳು ನಾನಲ್ಲ. ಸೊಸೆ ಮಗುವಿಗೆ ಹಾಲೂಡಿಸಲು ಹೋದಾಗ ಕಸದ ಡಬ್ಬಿಯಿಂದ ಆ ಪೇಪರಿನ ಗಂಟು ತೆಗೆದು, ಎರಡನ್ನೂ ಬಟ್ಟಲಿಗೆ ಒಡೆದು ನೋಡಿದೆ. ಚೆನ್ನಾಗಿದ್ದವು. ಮಗುವಿಗೆ ಒಂಬತ್ತು ತಿಂಗಳು ತುಂಬುವ ದಿನ ಕಾದೆ.

ಆ ದಿನ ಒಂದು ಭಾನುವಾರ ಬಂತು. ಬೆಳಿಗ್ಗೆ ಆರೂವರೆಗೆ ಕರಿ ಹೇಂಟೆ ಕೂಗಿತು. ಹೋಗಿ ನೋಡಿದರೆ ಮೊಟ್ಟೆ ಇನ್ನೂ ಬೆಚ್ಚಗಿತ್ತು. ತಾರೀಖು ಬರೆದು ತಂದಿಟ್ಟೆ. ಒಂಬತ್ತು ಗಂಟೆಗೆ ಸೊಸೆ ಒಲೆಯ ಮೇಲೆ ಪುಟ್ಟ ಬಾಣಲೆ ಇಟ್ಟು, ಫ್ರಿಜ್ಜಿನಿಂದ ಡಬ್ಬಿಯ ಮೊಟ್ಟೆ ತೆಗೆದಳು. ಗಂಡ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ಹಾಲ್‌ನಲ್ಲಿದ್ದರು. ನಾನು ಬೇಸಿನ್ನಿನಲ್ಲಿ ನೀರು ತುಂಬಿ ಕಟ್ಟೆಯ ಮೇಲಿಟ್ಟೆ.

"ಒಂದ್ ನಿಮಿಷ ಇರಮ್ಮ. ನಿಂದೂ ಹಾಕು, ನಂದೂ ಹಾಕ್ತೀನಿ."

ಹಾಕಿದೆವು. ನನ್ನದು ತಳದಲ್ಲಿ ಉದ್ದಕ್ಕೆ ಮಲಗಿತು. ಅವಳದು ತುದಿಯ ಮೇಲೆ ನೆಟ್ಟಗೆ ನಿಂತು ಓಲಾಡಿತು.

"ಡೇಟ್ ಇನ್ನೂ ಇದೆಯಲ್ಲ ಅತ್ತೆ" ಎಂದಳು, ಡಬ್ಬಿಯನ್ನು ತಿರುಗಿಸಿ ನೋಡುತ್ತಾ.

"ಡೇಟ್ ಡಬ್ಬಿ ಮೇಲಿದೆ. ಒಳಗಿರೋ ಮೊಟ್ಟೆಗೆ ಓದಕ್ಕೆ ಬರಲ್ಲ."

ಅವಳಿಗೆ ನಗು ಬಂತು, ತಡೆದುಕೊಂಡಳು. ನಾನು ನಗಲಿಲ್ಲ. "ಆವತ್ತು ಪೇಪರಲ್ಲಿ ಸುತ್ತಿ ಕಸಕ್ಕೆ ಹಾಕಿದ್ಯಲ್ಲ, ಆ ಎರಡೂ ಚೆನ್ನಾಗಿದ್ವು. ಒಡೆದು ನೋಡ್ದೆ" ಎಂದೆ.

ಅವಳ ಮುಖ ಕೆಂಪಾಯಿತು, ಕಣ್ಣು ತುಂಬಿಕೊಂಡಿತು. "ಭಯ ಆಗುತ್ತೆ ಅತ್ತೆ. ಅವತ್ತು ನೀವು ಆ ಸಾರು ಬಟ್ಟಲಿಗೆ ಹಾಕಿ ಅಮ್ಮನಿಗೆ ಕೊಟ್ರಲ್ಲ... ಪಾಪೂ ಆಗಿದ್ರೆ ಅಂತ ಅನ್ಸುತ್ತೆ. ನಿಮಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಅವಳ ಭಯ ಸುಳ್ಳಲ್ಲ. ಆ ಬಟ್ಟಲು ನನಗೂ ಕನಸಿನಲ್ಲಿ ಬಂದಿದೆ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಇಳಿಯಬೇಕೆಂದು ನನಗೆ ಅನಿಸಲೂ ಇಲ್ಲ. ನನ್ನ ಮೊಟ್ಟೆಯನ್ನು ನೀರಿನಿಂದ ತೆಗೆದು ಒರೆಸಿ, ಬಟ್ಟಲಿಗೆ ಒಡೆದೆ. ಭಂಡಾರ ಗುಂಡಗೆ ನಿಂತಿತು. ಸೊಸೆ ಬಟ್ಟಲಿನ ಕಡೆ ಬಗ್ಗಲು ಹೋದವಳು ನನ್ನನ್ನು ನೋಡಿ ತಟ್ಟನೆ ನೆಟ್ಟಗಾದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ನಾನು ಆಚೆ ಹೋಗುವುದನ್ನು ಕಾಯುತ್ತಿದ್ದಳು. ನಾನು ಆಚೆ ಹೋಗಲಿಲ್ಲ. ಬಟ್ಟಲನ್ನು ಎತ್ತಿ ಅವಳ ಮುಖದ ಹತ್ತಿರ ಹಿಡಿದೆ.

"ಮೂಸು."

"ಅಯ್ಯೋ, ಬೇಡ ಅತ್ತೆ, ಚೆನ್ನಾಗೇ ಇದೆ."

"ಮೂಸು ಅಂದೆ. ನನ್ನ ಮೂಗು ಸತ್ತಿದೆ, ನಿಂದಿದೆ. ಮಗು ನಿಂದು, ಭಯ ನಿಂದು, ಎಷ್ಟ್ ಬೇಕಾದ್ರೂ ಮೂಸು. ಆದ್ರೆ ನನ್ನ ಮುಂದೆ ಮೂಸು. ನಾನ್ ಆ ಕಡೆ ಹೋದ್ಮೇಲಲ್ಲ."

ಅವಳು ಬಗ್ಗಿ ಮೂಸಿದಳು. ನಾಚಿಕೆಗೆ ಒಮ್ಮೆ ಮೂಸಿ ಬಿಡುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಕಣ್ಣು ಮುಚ್ಚಿಕೊಂಡು ಎರಡು ಸಲ, ಸರಿಯಾಗಿ ಮೂಸಿದಳು. ಅದು ನನಗೆ ಹಿಡಿಸಿತು.

"ಹೇಗಿದೆ?"

"ಚೆನ್ನಾಗಿದೆ ಅತ್ತೆ."

ಮೂಗಿನ ವಿಷಯದಲ್ಲಿ ಅವಳ ಮಾತು ನಾನು ನಂಬಲೇಬೇಕು, ಬೇರೆ ದಾರಿಯಿಲ್ಲ. ನಂಬಿದೆ. ತುಪ್ಪ ಕಾಯಿಸಿ, ಮೊಟ್ಟೆ ಹಾಕಿ, ಮೆತ್ತಗೆ ಬಾಡಿಸಿದೆ. ನಾನು ತಿನ್ನಿಸಲಾ ಎಂದು ಯಾರನ್ನೂ ಕೇಳಲಿಲ್ಲ. ಬೆಳ್ಳಿ ಚಮಚ ಎತ್ತಿಕೊಂಡು ಹಾಲ್‌ಗೆ ನಡೆದೆ. ಮೊಮ್ಮಗಳು ಮೊದಲನೆಯದನ್ನು ನಾಲಿಗೆಯಿಂದ ಹೊರಗೆ ತಳ್ಳಿ ನನ್ನ ಮುಖ ನೋಡಿದಳು. ಎರಡನೆಯದಕ್ಕೆ ತಾನೇ ಬಾಯಿ ತೆರೆದಳು. "ಮೂಗು ನೋಡೇ, ನಿಂದೇ" ಎಂದು ಗಂಡ ನಕ್ಕರು.

ಮಗುವಿನದು ಎಷ್ಟು ಹೊಟ್ಟೆ, ಮುಕ್ಕಾಲು ಪಾಲು ಬಾಣಲೆಯಲ್ಲೇ ಉಳಿಯಿತು. ಸೊಸೆ ಅದನ್ನು ಒಂದು ತಟ್ಟೆಗೆ ಹಾಕಿ, ಉಪ್ಪು ಉದುರಿಸಿ, ಎರಡು ಭಾಗ ಮಾಡಿ, ದೊಡ್ಡದನ್ನು ನನ್ನ ಕಡೆ ಸರಿಸಿದಳು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಇಬ್ಬರೂ ತಿಂದೆವು. ನನಗೆ ಉಪ್ಪು ಬಿಟ್ಟರೆ ಬೇರೇನೂ ತಿಳಿಯಲಿಲ್ಲ, ಹೇಗಿದೆ ಎಂದು ಅವಳನ್ನೇ ಕೇಳಿದೆ, ಅವಳು ಹೇಳಿದಳು. ನನ್ನ ಅತ್ತೆ ಆ ಎರಡು ಮೊಟ್ಟೆಯನ್ನೂ ಒಬ್ಬರೇ ತಿಂದಿದ್ದರು.